ಮಳೆಯ ಫೈಲ್ ಹಿಡಿದು ನಂಪೈ ಕಲಿತದ್ದು

ಪೈಥಾನ್‌ನಲ್ಲಿ ಲೂಪ್ ಬರೆಯುವಷ್ಟು ಗೊತ್ತಿದೆ, ಇನ್ನು ರಾಶಿ ಅಂಕಿಗಳ ಲೆಕ್ಕ ವೇಗವಾಗಿ ಮಾಡುವ ನಂಪೈ ಪ್ಯಾಕೇಜ್ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ನಿಮಗೆ ನಿಜಕ್ಕೂ ಉತ್ತರ ಬೇಕಾಗಿರುವ ಒಂದು ದೊಡ್ಡ ಡೇಟಾ ಹಿಡಿದು ಕೂರಿ. ಮೂರು ನಾಲ್ಕು ಅಂಕಿಗಳ ಅರೇ (ನಂಪೈನಲ್ಲಿ ಅಂಕಿಗಳ ಸಾಲು ಅಥವಾ ಕೋಷ್ಟಕ) ಮಾಡಿ ಕೂಡಿಸುವ ಪಾಠಗಳು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಕಲಿಸಿದ್ದು ಮಳೆ.

ಭಾರತೀಯ ಹವಾಮಾನ ಇಲಾಖೆ 1901ರಿಂದೀಚಿನ ದಿನವಹಿ ಮಳೆಯನ್ನು ಕಾಲು ಡಿಗ್ರಿ ಚೌಕಗಳಲ್ಲಿ ಕೊಡುತ್ತದೆ, ವರ್ಷಕ್ಕೊಂದು ಫೈಲ್. ಮಲೆನಾಡು, ಬಯಲುಸೀಮೆಗಳ ಮುಂಗಾರನ್ನು ಹೋಲಿಸಲು ನನಗೆ ಅದು ಬೇಕಿತ್ತು. ಅಕ್ಷಾಂಶ 6.5ರಿಂದ 38.5ರವರೆಗೆ 129 ಸಾಲು, ರೇಖಾಂಶ 66.5ರಿಂದ 100ರವರೆಗೆ 135 ಕಾಲಂ. ಅಂದರೆ ದಿನಕ್ಕೆ 17,415 ಅಂಕಿ, ವರ್ಷಕ್ಕೆ 63,56,475. ಎಕ್ಸೆಲ್ ಹಾಳೆಯಲ್ಲಿರುವುದು 10,48,576 ಸಾಲು, ಅದನ್ನು ಅಲ್ಲಿಗೇ ಬಿಟ್ಟೆ.

ಈ ಫೈಲ್‌ಗೆ ತಲೆಬರಹವಿಲ್ಲ, ಕಾಲಂ ಹೆಸರಿಲ್ಲ. ನಾಲ್ಕು ನಾಲ್ಕು ಬೈಟ್‌ನ ದಶಮಾಂಶ ಸಂಖ್ಯೆಗಳು ಒಂದರ ಹಿಂದೊಂದು ನಿಂತಿವೆ, ಅಷ್ಟೇ. ಫೈಲ್ ಓದುವ ನಂಪೈ ಫಂಕ್ಷನ್ ಫ್ರಮ್‌ಫೈಲ್‌ಗೆ ಫ್ಲೋಟ್32 (ನಾಲ್ಕು ಬೈಟ್‌ನ ದಶಮಾಂಶ) ಎಂದು ಹೇಳಿ ಓದಿಸಿದರೆ ಒಂದೇ ಉದ್ದನೆಯ ಸಾಲು ಬರುತ್ತದೆ. ಅದನ್ನು ರೀಶೇಪ್ ಮಾಡಿ, ಅಂದರೆ ಆಕಾರ ಬದಲಿಸಿ (365, 129, 135) ಅಂದಾಗ ಅದು 365 ಪುಟಗಳ ಪುಸ್ತಕವಾಗುತ್ತದೆ: ದಿನಕ್ಕೊಂದು ಪುಟ. ಆದರೆ ಮೆಮೊರಿಯಲ್ಲಿ ಒಂದು ಅಂಕಿಯೂ ಕದಲಿಲ್ಲ! ಬದಲಾದದ್ದು ಓದುವ ಲೆಕ್ಕ ಮಾತ್ರ: ಪಕ್ಕದ ರೇಖಾಂಶಕ್ಕೆ 4 ಬೈಟ್ ಮುಂದೆ, ಮೇಲಿನ ಅಕ್ಷಾಂಶಕ್ಕೆ 540 ಬೈಟ್, ಮರುದಿನಕ್ಕೆ 69,660 ಬೈಟ್. ಇದಕ್ಕೆ ಸ್ಟ್ರೈಡ್ಸ್ ಅನ್ನುತ್ತಾರೆ. ನಂಪೈ ಯಾಕೆ ಅಷ್ಟು ವೇಗ, ಸ್ಲೈಸ್ ಮಾಡಿದ ತುಂಡನ್ನು ತಿದ್ದಿದರೆ ಮೂಲವೂ ಯಾಕೆ ಬದಲಾಗುತ್ತದೆ ಎರಡೂ ನನಗೆ ಇಲ್ಲೇ ಅರ್ಥವಾದದ್ದು.

129, 135 ಅದಲುಬದಲಾದರೂ ನಂಪೈ ತಕರಾರು ಮಾಡುವುದಿಲ್ಲ, ಒಟ್ಟು ಸಂಖ್ಯೆ ಒಂದೇ ತಾನೇ. ಅದಕ್ಕೇ ಗೊತ್ತಿರುವ ಊರೊಂದನ್ನು ಮೊದಲು ನೋಡುತ್ತೇನೆ. ಆಗುಂಬೆ 13.5 ಅಕ್ಷಾಂಶದಲ್ಲಿದೆ, ರೇಖಾಂಶ ಹೆಚ್ಚುಕಡಿಮೆ 75. ಸೊನ್ನೆಯಿಂದ ಎಣಿಸಿದರೆ ಸಾಲು 28, ಕಾಲಂ 34. ಅಲ್ಲಿ ಜುಲೈ ತಿಂಗಳು ಭರ್ತಿ ಮಳೆ ತೋರಿಸದಿದ್ದರೆ ಮುಂದಿನ ಯಾವ ಲೆಕ್ಕವನ್ನೂ ನಂಬುವಂತಿಲ್ಲ.

ಸಮುದ್ರ ಮತ್ತು ಗಡಿಯಾಚೆಯ ಚೌಕಗಳಲ್ಲಿ -999 ಇರುತ್ತದೆ. ಆ ಚೌಕಗಳನ್ನೆಲ್ಲ ಒಂದೇ ಷರತ್ತಿನಿಂದ ಆರಿಸಿ ನ್ಯಾನ್ (ಇಲ್ಲಿ ಅಂಕಿಯಿಲ್ಲ ಎಂಬ ಗುರುತು) ಮಾಡಬೇಕು. ಆಮೇಲೆ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗಿನ ಸ್ಲೈಸ್: 151ರಿಂದ 273 (ಕೊನೆಯ 273 ಸೇರದು), ಒಟ್ಟು 122 ದಿನ. ಅಧಿಕ ವರ್ಷವಾದರೆ ಎರಡಕ್ಕೂ ಒಂದೊಂದು ಸೇರಿಸಿ. ಕೂಡಿಸುವ ಸಮ್‌ಗೆ ಆಕ್ಸಿಸ್ 0 (ಆಕಾರದ ಮೊದಲ ದಿಕ್ಕು, ಇಲ್ಲಿ ದಿನಗಳು) ಎಂದು ಕೊಟ್ಟರೆ ಪುಟಗಳೆಲ್ಲ ಒತ್ತಿ ಒಂದೇ ಪುಟವಾದಂತೆ (129, 135) ಸಿಗುತ್ತದೆ. ಯಾವ ಆಕ್ಸಿಸ್ ಹೇಳುತ್ತೀರೋ ಅದೇ ಮಾಯವಾಗುತ್ತದೆ, ನಾನು ನೆನಪಿಟ್ಟುಕೊಂಡಿದ್ದು ಹಾಗೆ. ಇಲ್ಲಿ ನ್ಯಾನ್ ಬಿಟ್ಟು ಕೂಡಿಸುವ ನ್ಯಾನ್‌ಸಮ್ ಬಳಸಬೇಡಿ. ಬರೀ ನ್ಯಾನ್ ಇರುವ ಕಡೆ ಅದು ಸೊನ್ನೆ ಕೊಡುತ್ತದೆ, ಅರಬ್ಬೀ ಸಮುದ್ರ ಬರಪೀಡಿತವಾಗಿಬಿಡುತ್ತದೆ. ಇನ್ನೊಂದು, ಫ್ಲೋಟ್32ರಲ್ಲೇ ಕೂಡುತ್ತಾ ಹೋದರೆ ಕೊನೆಯ ಅಂಕಿಗಳು ಸವೆಯುತ್ತವೆ. ಸಮ್‌ಗೆ ಎಂಟು ಬೈಟ್‌ನ ಫ್ಲೋಟ್64ರಲ್ಲಿ ಕೂಡು ಅಂತ ಹೇಳುವುದು ಒಳ್ಳೆಯದು.

ನಿಜವಾದ ಖುಷಿ ಬ್ರಾಡ್‌ಕಾಸ್ಟಿಂಗ್‌ನಲ್ಲಿದೆ, ಅಂದರೆ ಬೇರೆ ಬೇರೆ ಆಕಾರದ ಅರೇಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಚ್ಚುವುದರಲ್ಲಿ. ಆಕಾರಗಳನ್ನು ಬಲದಿಂದ ಜೋಡಿಸಿ ನೋಡಿ: ಪ್ರತಿ ಜೋಡಿಯೂ ಸಮವಿರಬೇಕು, ಇಲ್ಲವೇ ಒಂದು ಕಡೆ 1 ಇರಬೇಕು. ಮೂವತ್ತು ವರ್ಷಗಳ ಮುಂಗಾರು ಮೊತ್ತ (30, 129, 135), ಅವುಗಳ ಸರಾಸರಿ (129, 135). ಲೂಪ್ ಇಲ್ಲದೆ ಮೈನಸ್ ಚಿಹ್ನೆಯೊಂದೇ ಸಾಕು, ಪ್ರತಿ ವರ್ಷದ ಏರಿಳಿತ ಕೈಗೆ ಬಂತು. ಅದೇ 30 ವರ್ಷಗಳಿಗೆ ವರ್ಷಕ್ಕೊಂದು ಅಂಕಿಯಂತೆ (30,) ಆಕಾರದ ಅರೇ ಕಳೆಯಲು ಹೋದರೆ 135ಕ್ಕೆ 30 ಹೊಂದದೆ ಎರರ್ ಬರುತ್ತದೆ. ಅದನ್ನು (30, 1, 1) ಮಾಡಿಕೊಳ್ಳಬೇಕು.

ದೇಶದ ಸರಾಸರಿ ತೆಗೆಯುವಾಗಲೂ ಇದೇ ಉಪಾಯ. ಕಾಲು ಡಿಗ್ರಿಯ ಚೌಕ ಕಾಶ್ಮೀರದಲ್ಲಿ ಕನ್ಯಾಕುಮಾರಿಗಿಂತ ಶೇ. 16ರಷ್ಟು ಚಿಕ್ಕದು, ಯಾಕೆಂದರೆ ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ. ಅಕ್ಷಾಂಶದ ಕೊಸೈನ್ ತೂಕವನ್ನು (129, 1) ಆಕಾರದಲ್ಲಿ ಇಟ್ಟು ಗುಣಿಸಿದರೆ ಪ್ರತಿ ಸಾಲಿಗೂ ಅದರ ತೂಕ ಸಿಗುತ್ತದೆ. ಕೊಸೈನ್‌ಗೆ ರೇಡಿಯನ್ ಬೇಕು, ಡಿಗ್ರಿ ಅಲ್ಲ. ಭಾಗಿಸುವಾಗ ನೆಲದ ಚೌಕಗಳ ತೂಕವನ್ನು ಮಾತ್ರ ಕೂಡಿ.

ಜಿಮ್ ಹ್ಯೂಗುನಿನ್ 1995ರಲ್ಲಿ ನ್ಯೂಮೆರಿಕ್ ಎಂಬ ಪೈಥಾನ್ ಪ್ಯಾಕೇಜ್ ಬರೆದರು, ಅದರ ತಳಹದಿಯ ಮೇಲೆ ಟ್ರಾವಿಸ್ ಆಲಿಫಂಟ್ ಕಟ್ಟಿದ ನಂಪೈ 1.0 ಬಂದದ್ದು 2006ರಲ್ಲಿ. ಪೈಥಾನ್‌ಗೆ ಹೊರಗಿನಿಂದ ಸೇರಿಸಿದ ಈ ಪ್ಯಾಕೇಜ್ ಉಚಿತವಾಗಿ ಸಿಗುತ್ತದೆ. ನನ್ನಂತಹ ಎಷ್ಟೋ ಜನರ ಕೆಲಸ ಅದರ ಮೇಲೆ ನಿಂತಿದೆ, ಅದನ್ನು ಬರೆದವರಿಗೆ ನಾನು ಋಣಿ.

ಕೊನೆಯ ಹಂತ ನಕ್ಷೆ. ಇಲಾಖೆಯ ವಿಂಗಡಣೆಯಂತೆ ವಾಡಿಕೆಗಿಂತ ಶೇ. 19ರಷ್ಟು ಆಚೀಚೆಯಾದರೆ ಸಾಮಾನ್ಯ, 20ರಿಂದ 59 ಕಡಿಮೆಯಾದರೆ ಕೊರತೆ, 60 ಮುಟ್ಟಿದರೆ ತೀವ್ರ ಕೊರತೆ. ಹೆಚ್ಚಾದರೂ ಅದೇ ಗಡಿಗಳು. ಅಂಕಿಗಳನ್ನು ವರ್ಗಗಳಿಗೆ ಹಂಚುವ ನಂಪೈ ಫಂಕ್ಷನ್ ಡಿಜಿಟೈಜ್ ಒಂದೇ ಸಾಲಿನಲ್ಲಿ ಇದನ್ನು ಮಾಡುತ್ತದೆ, ಆದರೆ ನ್ಯಾನ್ ಅನ್ನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸಿ ಸಮುದ್ರವನ್ನು ಅತಿವೃಷ್ಟಿಗೆ ತಳ್ಳುತ್ತದೆ. ಆ ಚೌಕಗಳನ್ನು ಮತ್ತೆ ಮರೆಮಾಡಿ. ಸಾಲುಗಳು ದಕ್ಷಿಣದಿಂದ ಶುರುವಾಗುವುದರಿಂದ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಪ್ಯಾಕೇಜ್‌ನ ಇಮ್‌ಶೋಗೆ ಆರಿಜಿನ್ ಲೋವರ್ (ಮೊದಲ ಸಾಲು ಕೆಳಗೆ) ಎಂದು ಕೊಡಿ, ಇಲ್ಲದಿದ್ದರೆ ನಕ್ಷೆ ತಲೆಕೆಳಗಾಗಿ ಬರುತ್ತದೆ.