123456789ರ ಒಳಗೆ ಏನಿದೆ? ಪೆನ್ನು ಹಾಳೆ ಹಿಡಿದು ನಾನು ಹುಡುಕಿದ ಬಗೆ

ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಸಾಲಾಗಿ ನಿಂತ ಸಂಖ್ಯೆ 123456789. ಇದರ ಅಪವರ್ತನಗಳನ್ನು ಕಂಪ್ಯೂಟರ್ ಮುಟ್ಟದೆ ಕಂಡುಹಿಡಿಯಬೇಕು ಅನ್ನಿಸಿತು.

ಶುರು ಸುಲಭ. ಅಂಕಿಗಳನ್ನು ಕೂಡಿದರೆ 45, ಹಾಗಾಗಿ 9ರಿಂದ ಭಾಗವಾಗುತ್ತದೆ. ಭಾಗಿಸಿದರೆ 13717421. ಇದರ ಅಂಕಿಗಳ ಮೊತ್ತ 26, ಅಲ್ಲಿಗೆ 3ರ ಕೆಲಸ ಮುಗಿಯಿತು. 7, 11, 13ನ್ನು ನಾನು ಬೇರೆ ಬೇರೆ ನೋಡುವುದಿಲ್ಲ. ಮೂರರ ಗುಣಲಬ್ಧ 1001 ಅಲ್ವಾ? ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿಕೊಂಡು, ಒಮ್ಮೆ ಕಳೆದು ಒಮ್ಮೆ ಕೂಡಿದರೆ ಸಾಕು: 421 − 717 + 13 = −283. ಈ 283 ಮೂರರಲ್ಲಿ ಯಾವುದಕ್ಕೂ ಬಗ್ಗುವುದಿಲ್ಲ.

ಹೀಗೇ ಒಂದೊಂದಾಗಿ ಭಾಗಿಸುತ್ತಾ ಹೋಗಬಹುದಿತ್ತು. ಆದರೆ 13717421ರ ವರ್ಗಮೂಲ 3703ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ 500ಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳಿವೆ. ಅದಕ್ಕೇ ಮೊದಲು ಫರ್ಮಾ ವಿಧಾನ ಹಿಡಿದೆ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯೆರ್ ದ ಫರ್ಮಾ ಕೊಟ್ಟ ದಾರಿ ಇದು. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಬಂದರೆ, ಅಪವರ್ತನ ತಾನಾಗಿಯೇ ಸಿಗುತ್ತದೆ: a² − b² = (a − b)(a + b).

ವರ್ಗಮೂಲದ ಮೇಲಿನ ಮೊದಲ ಸಂಖ್ಯೆ 3704. ಅದರ ವರ್ಗ 13719616. ನಮ್ಮ ಸಂಖ್ಯೆಯನ್ನು ಕಳೆದರೆ 2195. 5ರಲ್ಲಿ ಮುಗಿಯುವ ವರ್ಗದ ಕೊನೆಯಲ್ಲಿ 25 ಇರಲೇಬೇಕು, ಇಲ್ಲಿ 95 ಇದೆ. ಆಗಲ್ಲ. ಮುಂದಿನದು 3705. ಅದರ ವರ್ಗವನ್ನು ಹೊಸದಾಗಿ ಲೆಕ್ಕ ಹಾಕಬೇಕಿಲ್ಲ, 2195ಕ್ಕೆ 3704 + 3705, ಅಂದರೆ 7409 ಸೇರಿಸಿದರೆ ಆಯಿತು. ಬಂದಿದ್ದು 9604. ಅದು 98ರ ವರ್ಗ! ಎರಡನೇ ಹೆಜ್ಜೆಗೇ ಸಿಕ್ಕಿಬಿಟ್ಟಿತು. 3705 − 98 = 3607, 3705 + 98 = 3803. ಎಷ್ಟು ಚೆಂದ!

ಎರಡು ಅಪವರ್ತನಗಳ ನಡುವೆ ಬರೀ 196ರ ಅಂತರ ಇದ್ದದ್ದರಿಂದಲೇ ಇಷ್ಟು ಬೇಗ ಆಯಿತು. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವುದು ಕಷ್ಟ ಅನ್ನುವುದರ ಮೇಲೆ ನಿಂತ ಆರ್‌ಎಸ್‌ಎ ಗೂಢಲಿಪಿಯಲ್ಲಿ ಹತ್ತಿರ ಹತ್ತಿರದ ಅವಿಭಾಜ್ಯಗಳನ್ನು ಆರಿಸಬಾರದು ಅನ್ನುವುದೂ ಇದೇ ಕಾರಣಕ್ಕೆ.

3607 ಮತ್ತು 3803 ಇನ್ನೂ ಒಡೆಯುತ್ತವೆಯೇ ಅಂತ 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದೆ. ಒಡೆಯಲಿಲ್ಲ. ಹಾಗಾಗಿ 123456789 = 3² × 3607 × 3803.

ಇಷ್ಟು ಸಿಕ್ಕಿದ ಮೇಲೆ ಉಳಿದ ಗುಣಗಳು ಸಲೀಸು. ಭಾಜಕಗಳು 3 × 2 × 2 = 12. ಅವುಗಳ ಮೊತ್ತ (1 + 3 + 9) × (1 + 3607) × (1 + 3803), ಅಂದರೆ 13 × 3608 × 3804 = 178422816. ಇನ್ನು 3607 ಒಂದೇ ಸಲ ಬರುತ್ತದೆ, 4ರಿಂದ ಭಾಗಿಸಿದರೆ ಶೇಷ 3. ಇಂಥ ಅವಿಭಾಜ್ಯ ಬೆಸ ಸಲ ಬಂದರೆ ಆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. ಆದ್ದರಿಂದ 123456789 ಯಾವ ಎರಡು ವರ್ಗಗಳ ಮೊತ್ತವೂ ಅಲ್ಲ.

ಆಮೇಲೆ ತಿರುಗುಮುರುಗು ಮಾಡಿ 987654321 ಎತ್ತಿಕೊಂಡೆ. ನಮ್ಮ ಸಂಖ್ಯೆಯನ್ನು 8ರಿಂದ ಗುಣಿಸಿ 9 ಕೂಡಿದರೆ ಬರುವುದೂ ಇದೇ. 3² ಮತ್ತು 17² ಹೊರಗೆ ತೆಗೆದರೆ 379721 ಉಳಿಯುತ್ತದೆ. ಇಲ್ಲಿ ಫರ್ಮಾ ವಿಧಾನ ಕೈಗೆ ಬರುವುದಿಲ್ಲ. ಇದು ಅವಿಭಾಜ್ಯವಾದ್ದರಿಂದ 617ರಲ್ಲಿ ಶುರು ಮಾಡಿದ ಹುಡುಕಾಟ (1 + 379721) ÷ 2, ಅಂದರೆ 189861ಕ್ಕೆ ಹೋಗಿ ನಿಲ್ಲುತ್ತದೆ. 613ರವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುವುದೇ ಇದಕ್ಕೆ ಹತ್ತಿರದ ದಾರಿ.