ಅಂತರ್ಮುಖಿಯ ದಿನಚರಿಯಲ್ಲಿ ಮೂರು ಅಂಕಣಗಳು

ವ್ಯಕ್ತಿತ್ವದ ಐದು ಗುಣಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ತುಂಬಿದಾಗ ನನಗೆ ಸಿಕ್ಕ ಫಲಿತಾಂಶ ಅನಿರೀಕ್ಷಿತವೇನಾಗಿರಲಿಲ್ಲ: ಬಹಿರ್ಮುಖತೆ ಕಡಿಮೆ, ಭಾವನಾತ್ಮಕ ಅಸ್ಥಿರತೆ ಹೆಚ್ಚು, ಉಳಿದ ಮೂರು ನಡುಮಟ್ಟದಲ್ಲಿ. ನನ್ನನ್ನು ಕಂಗೆಡಿಸಿದ್ದು ಅದರ ಬೆನ್ನಿಗೇ ಓದಿದ ಸಂಗತಿ. ಬಹಿರ್ಮುಖತೆ ಉಲ್ಲಾಸದ ಭಾವಗಳೊಂದಿಗೂ ಅಸ್ಥಿರತೆ ದುಗುಡದ ಭಾವಗಳೊಂದಿಗೂ ತಳಕು ಹಾಕಿಕೊಂಡಿವೆಯೆಂದು ಮನೋವಿಜ್ಞಾನಿಗಳಾದ ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್‌ಕ್ರೇ 1980ರಲ್ಲೇ ತೋರಿಸಿದ್ದರು. ಹಾಗಾದರೆ ನೆಮ್ಮದಿ ನನ್ನ ಹಣೆಯಲ್ಲಿ ಬರೆದೇ ಇಲ್ಲವೇನೋ ಎನಿಸಿತು.

ಮೊದಲು ಮಾಡಿದ್ದು ದಡ್ಡತನ. ಎರಡು ವಾರ ಬಹಿರ್ಮುಖಿಯಂತೆ ನಟಿಸಿದೆ; ಸಿಕ್ಕವರನ್ನೆಲ್ಲ ಮಾತಿಗೆಳೆದೆ, ಸಭೆಗಳಲ್ಲಿ ಮೊದಲು ಬಾಯಿ ತೆರೆದೆ. ಆರಂಭದಲ್ಲಿ ಹುರುಪಿತ್ತು, ಆಮೇಲೆ ಸಂಜೆಯಾಗುತ್ತಲೇ ಸುಸ್ತು, ಜೊತೆಗೆ ಯಾರದೋ ಅಂಗಿ ತೊಟ್ಟ ಮುಜುಗರ. 2019ರಲ್ಲಿ ಪ್ರಕಟವಾದ ಇಂಥದೇ ಒಂದು ವಾರದ ಪ್ರಯೋಗದಲ್ಲೂ ಅಂತರ್ಮುಖಿಗಳಿಗೆ ಲಾಭ ಕಡಿಮೆಯಾಗಿ ದಣಿವು ಹೆಚ್ಚಾಗಿದ್ದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ದಾರಿ ತೋರಿದ್ದು ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸ್ವನಿರ್ಣಯ ಸಿದ್ಧಾಂತ. ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯ ಎಂಬ ಮೂರು ಮಾನಸಿಕ ಅಗತ್ಯಗಳು ಸ್ವಭಾವ ಎಂಥದ್ದೇ ಇರಲಿ ಎಲ್ಲರಿಗೂ ಇವೆ, ಅವು ಈಡೇರಿದಷ್ಟೂ ಮನಸ್ಸು ಸ್ವಸ್ಥವಾಗಿರುತ್ತದೆ ಎಂಬುದು ಅದರ ತಿರುಳು. ಈ ಅಗತ್ಯಗಳು ಹೆಚ್ಚು ಈಡೇರಿದ ದಿನವೇ ಒಳ್ಳೆಯ ದಿನವಾಗಿರುತ್ತದೆಂದು ವಿದ್ಯಾರ್ಥಿಗಳಿಂದ ದಿನಚರಿ ಬರೆಸಿ ಕಂಡುಕೊಂಡ ಅಧ್ಯಯನಗಳೂ ಇದ್ದವು. ನಾನೂ ಹನ್ನೆರಡು ವಾರ ಹಾಗೆಯೇ ಬರೆಯಲು ನಿಶ್ಚಯಿಸಿ, ಪುಸ್ತಕದಲ್ಲಿ ‘ನನ್ನಿಚ್ಛೆ’, ‘ಕೈಗೂಡಿದ್ದು’, ‘ನಂಟು’ ಎಂದು ಮೂರು ಅಂಕಣ ಎಳೆದು, ಅಂಚಿನಲ್ಲಿ ಮನಃಸ್ಥಿತಿಗೊಂದು ಜಾಗ ಬಿಟ್ಟು, ಮಲಗುವ ಮುನ್ನ 1ರಿಂದ 7ರೊಳಗೆ ಅಂಕ ಕೊಡತೊಡಗಿದೆ.

ಮೂರನೆಯ ವಾರದಲ್ಲಿ ಲೆಕ್ಕ ತಪ್ಪಿದ್ದು ಕಣ್ಣಿಗೆ ಬಿತ್ತು. ಹದಿನಾಲ್ಕು ಜನರ ಸಭೆಯಿದ್ದ ದಿನ ನಂಟಿಗೆ 6 ಕೊಟ್ಟಿದ್ದೆ, ಮನಃಸ್ಥಿತಿಗೆ 2. ನಾನು ತಲೆ ಎಣಿಸಿದ್ದೆ, ಅಷ್ಟೇ. ಅಂದಿನಿಂದ ‘ನನ್ನ ಮಾತನ್ನು ಇಂದು ಯಾರಾದರೂ ಅರ್ಥಮಾಡಿಕೊಂಡರೇ?’ ಎಂದು ಕೇಳಿಕೊಳ್ಳತೊಡಗಿದೆ. ಮುಂದಿನ ಬುಧವಾರ ಇಡೀ ದಿನ ಒಬ್ಬರೊಡನೆ ಮಾತ್ರ, ಹಳೆಯ ಸಹೋದ್ಯೋಗಿಯೊಡನೆ ದೂರವಾಣಿಯಲ್ಲಿ ನಲವತ್ತು ನಿಮಿಷ ಮಾತಾಡಿದ್ದೆ. ನಂಟು 6, ಮನಃಸ್ಥಿತಿಯೂ 6. ಅಂತರ್ಮುಖಿಗೆ ಬಾಂಧವ್ಯ ಬೇಡವೆಂದು ಇಷ್ಟು ವರ್ಷ ನಾನೇ ನನಗೆ ಹೇಳಿಕೊಂಡು ಬಂದಿದ್ದೆ!

‘ನನ್ನಿಚ್ಛೆ’ಯ ಅಂಕಣ ಇನ್ನೂ ತೊಡಕಿನದು. ಒಂಟಿಯಾಗಿದ್ದ ದಿನ ತಾನಾಗಿಯೇ ಹೆಚ್ಚು ಅಂಕ ಕೊಡುತ್ತಿದ್ದೆ, ಆದರೆ ಸಿದ್ಧಾಂತದ ಪ್ರಕಾರ ಮನಸ್ಸೊಪ್ಪಿ ಮಾಡಿದ ಕೆಲಸ ಇನ್ನೊಬ್ಬರಿಗಾಗಿ ಮಾಡಿದ್ದಾದರೂ ಸ್ವಾಯತ್ತವೇ. ಹಳೆಯ ಪುಟಗಳನ್ನು ತಿರುವಿದಾಗ ನನ್ನ ಅಸ್ಥಿರತೆ ಇಲ್ಲೇ ಹೆಚ್ಚು ಕೆಲಸ ಮಾಡಿದ್ದು ತಿಳಿಯಿತು: ಎದುರಿನವರು ಬೇಸರಿಸಿಕೊಂಡಾರೆಂಬ ಅಂಜಿಕೆಗೆ ಪ್ರತಿ ಕೋರಿಕೆಯೂ ಅಪ್ಪಣೆಯಂತೆ ಕೇಳಿಸುತ್ತಿತ್ತು, ತಕ್ಷಣ ‘ಆಗಲಿ’ ಎನ್ನುತ್ತಿದ್ದೆ, ರಾತ್ರಿ ಹಲ್ಲು ಕಡಿಯುತ್ತಿದ್ದೆ. ಹೀಗಾಗಿ ಯಾವುದಕ್ಕೂ ಮರುದಿನ ಬೆಳಿಗ್ಗೆಯವರೆಗೆ ಒಪ್ಪಿಗೆ ಕೊಡುವುದಿಲ್ಲವೆಂಬ ಒಂದೇ ಒಂದು ನಿಯಮ ಮಾಡಿಕೊಂಡೆ. ಬಹುಪಾಲು ಕೋರಿಕೆಗಳಿಗೆ ಆಮೇಲೂ ಒಪ್ಪಿದೆ, ಆದರೆ ಅಂಕ ಏರಿತು. ‘ಕೈಗೂಡಿದ್ದು’ ಮಾತ್ರ ಸದಾ 5ರ ಆಸುಪಾಸಿನಲ್ಲೇ ಇದ್ದು ನನಗೆ ಹೊಸದೇನನ್ನೂ ಹೇಳಲಿಲ್ಲ.

ಐದು ಹೇಳಿಕೆಗಳ ಜೀವನತೃಪ್ತಿ ಮಾಪನದಲ್ಲಿ 35ಕ್ಕೆ 17 ಇದ್ದ ನನ್ನ ಅಂಕ ಹನ್ನೆರಡು ವಾರಗಳ ಕೊನೆಗೆ 22ಕ್ಕೆ ಬಂತು. ಅದೇ ಅವಧಿಯಲ್ಲಿ ಕೆಲಸದ ಹೊರೆಯೂ ಇಳಿದಿತ್ತಾದ್ದರಿಂದ ಪೂರ್ಣ ಶ್ರೇಯಸ್ಸನ್ನು ದಿನಚರಿಗೆ ಕೊಡಲಾರೆ. ವ್ಯಕ್ತಿತ್ವದ ಪ್ರಶ್ನಾವಳಿಯನ್ನೂ ಮತ್ತೆ ತುಂಬಿದೆ; ಐದೂ ಗುಣಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಈಗ ವಾರಕ್ಕೆರಡು ಸಲ ಮಾತ್ರ ಬರೆಯುತ್ತೇನೆ. ಸೋಮವಾರದ ಸಾಲಿನಲ್ಲಿ ಮೊದಲ ಅಂಕಣ ಇಂದಿಗೂ 2 ದಾಟುವುದಿಲ್ಲ. ಆ ದಿನದ ಸಭೆಯನ್ನು ಏನು ಮಾಡಬೇಕೆಂದು ನನಗಿನ್ನೂ ಹೊಳೆದಿಲ್ಲ.