ಮಂಡಿ ಎಷ್ಟು ಮಡಚುತ್ತದೆ? ಅಳೆಯುವುದು ಹೀಗೆ

‘ಈಗ ಸ್ವಲ್ಪ ಜಾಸ್ತಿ ಮಡಚುತ್ತೆ’ ಎಂದರೆ ಫಿಸಿಯೋಥೆರಪಿಸ್ಟ್‌ಗೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಡಿಗ್ರಿ ಎಂದು ಹೇಳಬೇಕು. ಅದಕ್ಕೆ ಗೋನಿಯೋಮೀಟರ್ ಸಾಕು. ಕೋನಮಾಪಕಕ್ಕೆ ಎರಡು ಉದ್ದನೆಯ ಪಟ್ಟಿ ಜೋಡಿಸಿದಂತಿರುತ್ತದೆ. ಹಿಡಿಯಲು ಇನ್ನೊಬ್ಬರು ಬೇಕು.

ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಮೊದಲು ಮೂರು ಕಡೆ ಪೆನ್ನಿನಿಂದ ಗುರುತು ಹಾಕಿ. ಮಂಡಿಯ ಹೊರಬದಿಯ ಮೂಳೆಯುಬ್ಬು ಒಂದು, ಪಾದದ ಗಂಟಿನ ಹೊರಗಿನ ಮೂಳೆ ಇನ್ನೊಂದು. ಮೂರನೆಯದು ಸೊಂಟದ ಕೆಳಗೆ, ತೊಡೆಯ ಮೇಲ್ತುದಿಯ ಹೊರಬದಿಯಲ್ಲಿದೆ. ಇದು ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಬೆರಳಿಟ್ಟು, ಕಾಲನ್ನು ಒಳಕ್ಕೂ ಹೊರಕ್ಕೂ ಹೊರಳಿಸಿ. ಬೆರಳಡಿ ಗಟ್ಟಿಯಾಗಿ ಉರುಳುವುದೇ ಅದು.

ಗೋನಿಯೋಮೀಟರಿನ ನಡುಭಾಗ ಮಂಡಿಯ ಗುರುತಿನ ಮೇಲಿರಲಿ. ಒಂದು ಪಟ್ಟಿ ತೊಡೆಯ ಗುರುತಿನತ್ತ, ಇನ್ನೊಂದು ಪಾದದ ಗಂಟಿನತ್ತ.

ಎಲ್ಲರೂ ಮಡಚುವುದನ್ನೇ ಮೊದಲು ನೋಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಕಾಲು ಪೂರ್ತಿ ನೆಟ್ಟಗಾಗುತ್ತದೆಯೇ ಎಂಬುದನ್ನು. ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಡಿ, ಮಂಡಿ ತಾನಾಗಿ ಕೆಳಗಿಳಿಯಲಿ. ಪೂರ್ತಿ ನೆಟ್ಟಗಾದರೆ 0 ಡಿಗ್ರಿ. 10 ಡಿಗ್ರಿ ಕಡಿಮೆ ಬಿದ್ದರೂ ನಡಿಗೆ ಕುಂಟುತ್ತದೆ.

ಆಮೇಲೆ ಟವೆಲ್ ತೆಗೆದು, ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಲು ಹೇಳಿ. ಸೊಂಟವೂ ಜೊತೆಗೆ ಬಾಗಲಿ, ತಡೆಯಬೇಡಿ. ಬೋರಲು ಮಲಗಿ ಅಳೆದರೆ ತೊಡೆಯ ಮುಂಭಾಗದ ಸ್ನಾಯು ಬಿಗಿದು ಅಂಕಿ ಕಡಿಮೆ ಬರಬಹುದು. ಹಾಗಾಗಿ ಪ್ರತಿ ಸಲವೂ ಒಂದೇ ಭಂಗಿ ಇರಲಿ. ಮಡಚುವಾಗ ಪಟ್ಟಿಗಳು ಜರುಗಿರುತ್ತವೆ. ಓದುವ ಮುನ್ನ ಗುರುತುಗಳಿಗೆ ಮತ್ತೆ ಹೊಂದಿಸಿ.

ಕೆಲವು ಉಪಕರಣಗಳಲ್ಲಿ ನೆಟ್ಟಗಿನ ಕಾಲಿಗೆ 180 ಎಂದು ಬರುತ್ತದೆ. ಆಗ ಬಂದ ಅಂಕಿಯನ್ನು 180ರಿಂದ ಕಳೆಯಿರಿ. 70 ಎಂದು ತೋರಿಸಿದರೆ ಮಂಡಿ ಮಡಚಿರುವುದು 110 ಡಿಗ್ರಿ.

ಸಾಮಾನ್ಯವಾಗಿ ಮಂಡಿ ಸುಮಾರು 135ರಿಂದ 140 ಡಿಗ್ರಿವರೆಗೆ ಮಡಚುತ್ತದೆ. ನಡೆಯಲು ಸುಮಾರು 60 ಸಾಕು. ಕುರ್ಚಿಯಿಂದ ಏಳಲು 90ಕ್ಕಿಂತ ತುಸು ಜಾಸ್ತಿ ಬೇಕು. ಆದರೆ ನಿಜವಾದ ಹೋಲಿಕೆ ಪುಸ್ತಕದ ಅಂಕಿಯ ಜೊತೆಗಲ್ಲ, ಅದೇ ಮನುಷ್ಯನ ಇನ್ನೊಂದು ಕಾಲಿನ ಜೊತೆ, ಅಲ್ವಾ? ಅದನ್ನೂ ಅಳೆದುಬಿಡಿ.

ತಾನಾಗಿ ಮಡಚಿದ್ದು ಒಂದು ಲೆಕ್ಕ, ನೀವು ಮೆಲ್ಲಗೆ ಒತ್ತಿದಾಗ ಬಂದದ್ದು ಬೇರೆ ಲೆಕ್ಕ. ಎರಡನೆಯದು ಸಾಮಾನ್ಯವಾಗಿ ತುಸು ಹೆಚ್ಚು. ಆಪರೇಷನ್ ಆದ, ಮೂಳೆ ಮುರಿದ ಕಾಲನ್ನು ಡಾಕ್ಟರ್ ಹೇಳದೆ ಒತ್ತಲೇಬೇಡಿ.

ನಿನ್ನೆಗಿಂತ 3–4 ಡಿಗ್ರಿ ಹೆಚ್ಚಾಯಿತೆಂದು ಸುಮ್ನೆ ಹಿಗ್ಗಬೇಡಿ. ಅಷ್ಟು ವ್ಯತ್ಯಾಸ ಅಳತೆಯಲ್ಲೇ ಬರುತ್ತದೆ. ತಾರೀಖು, ಭಂಗಿ, ಯಾವ ಕಾಲು ಎಂಬುದರ ಜೊತೆ ‘5–110’ ಎಂದು ಬರೆದಿಡಿ: ನೆಟ್ಟಗಾಗಲು 5 ಬಾಕಿ, ಮಡಚುವುದು 110ರವರೆಗೆ.